ಸರ್ ಹೇಳದ ಮಾತು

ತಪ್ಪಬಹುದಾದದ್ದನ್ನೆಲ್ಲ ಮೊದಲೇ ಬರೆದಿಟ್ಟುಕೊಳ್ಳುವುದು ನನ್ನ ಹಳೆಯ ಚಟ. ಮದುವೆ ಶೂಟಿಂಗಿಗೆ ಹೋಗುವ ಮುಂಚೆಯೂ ಬರೆಯುತ್ತೇನೆ: ಬ್ಯಾಟರಿ ಸಾಯಬಹುದು, ಕಾರ್ಡು ಕೆಡಬಹುದು, ವರ ಓಡಿಹೋಗಬಹುದು. ತೀರಿಹೋದ ನಮ್ಮ ಗಣಿತದ ಸರ್ ಅವರನ್ನು ಕಂಪ್ಯೂಟರಿನಲ್ಲಿ ಮಾತಾಡಿಸುವ ಈ ಕೆಲಸಕ್ಕೆ ಬರೆದ ಪಟ್ಟಿ ಎರಡು ಪುಟವಾಯಿತು. ಪರದೆ ಮುಖ್ಯ ಅತಿಥಿಯ ಮೇಲೆ ಬೀಳಬಹುದು. ಕರೆಂಟು ಹೋಗಬಹುದು. ಜನರೇಟರ್ ಹಚ್ಚಿದರೆ ಅದರ ಸದ್ದಿನಲ್ಲಿ ಸರ್ ದನಿ ಕೇಳದೆ ಹೋಗಬಹುದು. ಸರ್ ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ ನಡೆಯಬಹುದು. ಅವರ ಕೈಗೆ ಆರು ಬೆರಳು ಮೂಡಬಹುದು. ಗಣಿತ ಕಲಿಸಿದವರಿಗೆ ಆರು ಬೆರಳು ಮೂಡಿದರೆ ನಾವು ಕಲಿತದ್ದರ ಗತಿ ಏನು? ಫೋಟೋ ತೆಗೆದವರು ನೋಟೀಸು ಕೊಡಬಹುದು. ಸರ್ ಅವರ ಮಗಳೇ ನೋಟೀಸು ಕೊಡಬಹುದು. ಆಕೆ ಹಾವೇರಿ ಕೋರ್ಟಿನಲ್ಲಿ ವಕೀಲರು, ಕಾಗದಕ್ಕಾಗಿ ಬೇರೆ ಕಡೆ ಹೋಗಬೇಕಾಗಿಲ್ಲ. ಯಾರೋ ವಿಡಿಯೋವನ್ನು ಮೊಬೈಲಿನಲ್ಲಿ ಹರಿಯಬಿಟ್ಟು, ಮರುವಾರ ಸರ್ ಮೊಣಕಾಲು ನೋವಿನ ಎಣ್ಣೆ ಮಾರುತ್ತ ಪ್ರತ್ಯಕ್ಷರಾಗಬಹುದು. ಮುಂದಿನ ಸಾಲಿನಲ್ಲಿ ಕುಳಿತ ಸರ್ ಅವರ ಹೆಂಡತಿ ಎದೆ ಹಿಡಿದುಕೊಳ್ಳಬಹುದು. ಅಥವಾ ಏನೂ ಆಗದೆ, ಎಲ್ಲ ಮುಗಿದ ಮೇಲೆ ಆಕೆ ಶಾಂತವಾಗಿ, ‘ಇವರು ಯಾರು?’ ಎಂದು ಕೇಳಬಹುದು.

ಈ ಕೊನೆಯದಕ್ಕೆ ಕೆಳಗೆ ಎರಡು ಗೆರೆ ಎಳೆದಿದ್ದೆ.

ರಾಣೆಬೆನ್ನೂರಿನ ಬಸ್ ಸ್ಟ್ಯಾಂಡಿನ ಹತ್ತಿರ, ಒಂದು ಮಹಡಿ ಮೇಲೆ ನನ್ನ ಸ್ಟುಡಿಯೋ ಇದೆ. ಒಂದು ದಿನ ಮುಂಜಾನೆ ಮೆಟ್ಟಿಲು ಹತ್ತಿ ಹದಿನೇಳು ಬಂದ. ಹದಿನೇಳು ಎಂಬುದು ಅವನ ಹಾಜರಿ ನಂಬರು. ಬ್ಯಾಡಗಿ ಹೈಸ್ಕೂಲಿನಲ್ಲಿ ನಮ್ಮ ಗಣಿತದ ಸರ್ ಯಾರನ್ನೂ ಹೆಸರಿನಿಂದ ಕರೆದವರಲ್ಲ, ನಂಬರಿನಿಂದ ಕರೆಯುತ್ತಿದ್ದರು. ಐವತ್ತು ದಾಟಿದರೂ ನಾವು ಒಬ್ಬರಿಗೊಬ್ಬರು ನಂಬರುಗಳೇ. ನಾನು ಮೂವತ್ತೊಂದು. ಹದಿನೇಳು ಈಗ ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರಿ. ಅವನು ಬಂದದ್ದು ಕಣ್ಣಿಗೆ ಕಾಣುವ ಮೊದಲು ಮೂಗಿಗೆ ಗೊತ್ತಾಗುತ್ತದೆ. ನಾನು ಎರಡು ಸಲ ಸೀನಿದೆ. ಅವನು ಅದನ್ನೇ ಸ್ವಾಗತವೆಂದುಕೊಂಡು ಕುಳಿತ.

“ಗುರುವಂದನಾ ಮಾಡಾಕತ್ತೇವಿ. ನಾನ ಅಧ್ಯಕ್ಷ. ಇದ್ದ ಸರ್‌ಗೋಳಿಗೆ ಶಾಲು ಹೊದಿಸ್ತೇವಿ. ಇಲ್ಲದ ಸರ್‌ನ ನೀ ತರಬೇಕು.”

“ಎಲ್ಲಿಂದ ತರ್ಲಿ?”

“ಕಂಪ್ಯೂಟರ್‌ನ್ಯಾಗಿಂದ. ನಾ ಮೊಬೈಲ್‌ನ್ಯಾಗ ನೋಡೇನಿ, ಸತ್ತವರು ಬಂದು ಮೊಮ್ಮಕ್ಕಳ ಮದಿವ್ಯಾಗ ಅಕ್ಷತಾ ಹಾಕ್ತಾರ. ನಮ್ಮ ಗಣಿತದ ಸರ್ ಬಂದು ಮೂರು ನಿಮಿಷ ಮಾತಾಡಿದ್ರ ಸಾಕು. ಮಾತು ಬರಕೊಂಡು ಬಂದೇನಿ.”

ಅವನು ಬರೆದ ಭಾಷಣ ‘ನನ್ನ ಪ್ರೀತಿಯ ಮುದ್ದು ಮಕ್ಕಳೇ’ ಎಂದು ಶುರುವಾಗುತ್ತಿತ್ತು. ‘ನಿಮ್ಮಂಥ ವಿದ್ಯಾರ್ಥಿಗಳನ್ನು ಪಡೆದ ನಾನೇ ಧನ್ಯ’ ಎಂದು ಮುಂದುವರಿದು, ‘ನನ್ನ ಶಿಷ್ಯ ತಯಾರಿಸುವ ಮಸಾಲೆ ಪುಡಿಯ ಘಮ ನಾನಿರುವಲ್ಲಿಗೂ ಬಂದಿದೆ’ ಎಂದು ಮುಗಿಯುತ್ತಿತ್ತು.

“ಸರ್ ಹಿಂಗ ಮಾತಾಡಿದ್ದ ನೀ ಒಮ್ಮೆರ ಕೇಳೀಯೇನೋ?”

“ಆವಾಗ ಇಲ್ಲ. ಸತ್ತ ಮ್ಯಾಲ ಮನಶ್ಯಾ ಸ್ವಲ್ಪ ಮೆತ್ತಗ ಆಗ್ತಾನ ಬಿಡು.”

ಬೇಡ ಎನ್ನಬಹುದಿತ್ತು. ಆದರೆ ಮದುವೆ, ಸೀಮಂತ, ಮತ್ತೆ ಮದುವೆ ಮಾಡಿ ಬೇಸತ್ತಿದ್ದ ನನಗೆ ಹೊಸ ತಂತ್ರಾಂಶ ಕಲಿಯುವ ಆಸೆ. ಒಪ್ಪಿಕೊಂಡೆ, ಪಟ್ಟಿ ಬರೆಯಲು ಶುರು ಮಾಡಿದೆ.

ದನಿಗೆ ದನಿ ಬೇಕು. ಹುಡುಕಿದಾಗ ನನ್ನಲ್ಲೇ ಸಿಕ್ಕಿತು. ಸರ್ ತೀರಿಹೋಗುವ ಕೆಲವು ವರ್ಷ ಮೊದಲು ಹಾವೇರಿಯ ಒಂದು ಮದುವೆಯಲ್ಲಿ ಊಟದ ಪಂಕ್ತಿ ಚಿತ್ರಿಸುವಾಗ ಅವರು ಕ್ಯಾಮೆರಾಕ್ಕೆ ಸಿಕ್ಕಿದ್ದರು. ಒಟ್ಟು ಮೂವತ್ತು ಸೆಕೆಂಡು. ಆ ಮೂವತ್ತು ಸೆಕೆಂಡೂ ನನ್ನನ್ನೇ ಬೈದದ್ದು: “ಆ ಲೈಟು ಆ ಕಡೆ ಹಿಡಿ. ಸಾರಿನ್ಯಾಗ ನನ್ನ ಮುಖಾ ನನಗ ಕಾಣಸಾಕತ್ತದ. ಊಟಾ ಮಾಡೂದು ಕಲಿತೇವಿ, ನಾಟಕಾ ಮಾಡೂದು ಕಲಿತಿಲ್ಲ.” ತಂತ್ರಾಂಶಕ್ಕೆ ಅಷ್ಟೇ ಸಾಕಾಗಿತ್ತು. ಆದರೆ ದನಿ ಹಾಕುವ ಮೊದಲು ಪರದೆಯ ಮೇಲೆ ಒಂದು ಸಣ್ಣ ಚೌಕ ಬಂತು. ಪಕ್ಕದಲ್ಲಿ ಬರೆದಿತ್ತು: ಈ ದನಿಯ ಒಡೆಯರ ಒಪ್ಪಿಗೆ ನನಗಿದೆ. ಚೌಕದಲ್ಲಿ ಗುರುತು ಹಾಕದೆ ಮುಂದೆ ಹೋಗಲು ಬಿಡುವುದಿಲ್ಲ.

ಎರಡು ದಿನ ಆ ಚೌಕದ ಮುಂದೆ ಕುಳಿತೆ. ಮೂರನೆಯ ದಿನ, ಬರೀ ಪರೀಕ್ಷೆ ಮಾಡುವುದಕ್ಕಲ್ಲವೇ ಎಂದು ನನಗೆ ನಾನೇ ಹೇಳಿಕೊಂಡು ಗುರುತು ಹಾಕಿದೆ. ಸುಳ್ಳು ಹೇಳಲು ಒಂದು ಕ್ಲಿಕ್ಕು ಸಾಕಾಯಿತು.

ಪರೀಕ್ಷೆಗೆ ಒಂದು ವಾಕ್ಯ ಟೈಪಿಸಬೇಕು. ಹದಿನೇಳರ ಭಾಷಣ ಪಕ್ಕದಲ್ಲೇ ಇತ್ತು. ಆದರೆ ನನ್ನ ಬೆರಳು ಟೈಪಿಸಿದ್ದು ಬೇರೆ: ‘ಮೂವತ್ತೊಂದು, ಶಾಣ್ಯಾ ಅದಿ.’ ಗುಂಡಿ ಒತ್ತಿದೆ. ಸರ್ ಹೇಳಿದರು. ಲೈಟು ಆ ಕಡೆ ಹಿಡಿ ಎನ್ನುವ ಧಾಟಿಯಲ್ಲೇ ಹೇಳಿದರು, ಆದರೂ ಹೇಳಿದರು. ಎದ್ದು ಬಾಗಿಲು ಹಾಕಿ ಬಂದು ಇನ್ನೂ ಐದು ಸಲ ಕೇಳಿದೆ. ಮೂರು ವರ್ಷ ಅವರ ಮುಂದೆ ಕುಳಿತು ಕಾದದ್ದು ಜಾಣ ಎನ್ನುವ ಇದೇ ಮಾತಿಗೆ. ಆರನೆಯ ಸಲ ಕೇಳುವಾಗ ನನ್ನ ಹಣೆಯಲ್ಲಿ ಬೆವರಿತ್ತು, ಪ್ರಶ್ನೆಪತ್ರಿಕೆ ಕದ್ದವನ ಹಾಗೆ.

ಮುಖಕ್ಕೆ ನಮ್ಮ ಹತ್ತನೆಯ ತರಗತಿಯ ಬೀಳ್ಕೊಡುಗೆ ಫೋಟೋ ಇತ್ತು. ಕಪ್ಪು ಬಿಳುಪು, ಸರ್ ನಡುವೆ ಕುಳಿತಿದ್ದಾರೆ, ಬಾಯಿ ಮುಚ್ಚಿದ್ದಾರೆ. ಬಾಯಿ ಮುಚ್ಚಿದವರನ್ನು ಮಾತಾಡಿಸಬೇಕಾದರೆ ಯಂತ್ರ ಒಳಗಿನ ಹಲ್ಲುಗಳನ್ನು ತಾನೇ ಊಹಿಸಿ ಕೂರಿಸುತ್ತದೆ. ಕೂರಿಸಿತು. ಸರ್ ಬಾಯಿ ತೆರೆದಾಗ ಪಳಪಳ ಹೊಳೆಯುವ ಮೂವತ್ತೆರಡು ಹಲ್ಲು ಕಂಡವು, ಟೂತ್‌ಪೇಸ್ಟು ಮಾರಲು ಬಂದವರಂತೆ. ಅವು ಯಾರ ಹಲ್ಲು? ಯಂತ್ರ ಕಲಿತದ್ದು ಯಾವ ದೇಶದ, ಯಾವ ಪುಣ್ಯಾತ್ಮನ ಬಾಯಿ ನೋಡಿ? ಅವನನ್ನು ಕೇಳಿದ್ದಾರೋ ಇಲ್ಲವೋ? ಪಟ್ಟಿಗೆ ಒಂದು ಸಾಲು ಸೇರಿಸಿದೆ: ಹಲ್ಲಿನ ವಾರಸುದಾರರು.

ಇಷ್ಟಾದ ಮೇಲೆ ಕಲಿಯುವ ಆಸೆಯನ್ನು ಹೆದರಿಕೆ ಗೆದ್ದಿತು. ಬಸ್ಸು ಹತ್ತಿ ಹಾವೇರಿಗೆ ಹೋಗಿ ಸರ್ ಅವರ ಮಗಳನ್ನು ಕೋರ್ಟಿನ ಹೊರಗೆ ಕಂಡೆ. ಕರಿ ಕೋಟು ತೋಳಿನ ಮೇಲೆ, ಕೈಯಲ್ಲಿ ಚಹಾ. ಪೂರ್ತಿ ಕೇಳಿದರು, ನಗಲಿಲ್ಲ.

“ಬದುಕಿದ್ದವರ ಮುಖ, ದನಿ ಕೇಳದ ಬಳಸಿದ್ರ ಅವರು ಕೋರ್ಟಿಗೆ ಬರಬಹುದು. ತೀರಿಹೋದವರದು ಅಂದ್ರ, ಹಕ್ಕು ಮನಿಯವರಿಗೆ ಬರ್ತದೋ ಅವರ ಜೋಡಿನ ಹೋಗ್ತದೋ, ಒಬ್ಬೊಬ್ಬರು ಒಂದೊಂದು ಹೇಳ್ತಾರ. ಫೋಟೋ ಬ್ಯಾರೆ ವಿಷಯ. ಅದನ್ನ ತಗಸಿದವರು ಯಾರು?”

“ನಾವರಿ. ವರ್ಗದವರೆಲ್ಲಾ ಕೂಡಿ ತಗಸಿದ್ವಿ.”

“ಬ್ಯಾರೆ ಕರಾರು ಇಲ್ಲಂದ್ರ ಹೇಳಿ ತಗಸಿದವರದ ಹಕ್ಕು. ಅಂದ್ರ ನಿಮ್ಮ ನಲವತ್ತೆರಡೂ ಮಂದೀದು.”

“ನಲವತ್ತೆರಡು ಸಹಿ ತರಬೇಕೇನ್ರಿ?”

“ತಂದ್ರ ಛಲೋ. ಫೋಟೋಗ್ರಾಫರ್ ಇದ್ರ ಅವರನ್ನೂ ಕೇಳ್ರಿ, ಮರ್ಯಾದಿ. ಆದ್ರ ಕಾಯ್ದೆ ಒಂದ್ ಕಡೆ ಇಡ್ರಿ. ನಮ್ಮಪ್ಪ ಇದಕ್ಕ ಏನಂತಿದ್ರು ಅನ್ನೂದು ಮುಖ್ಯ. ಅದನ್ನ ಅವ್ವನ್ನ ಕೇಳ್ರಿ. ನಾಡದು ಕರಕೊಂಡು ಬರ್ತೀನಿ.”

ನಲವತ್ತೆರಡು ಸಹಿಯ ಕೆಲಸವನ್ನು ಹದಿನೇಳು ಅರ್ಧ ತಾಸಿನಲ್ಲಿ ಮುಗಿಸಿದ. ವಾಟ್ಸಪ್ ಗುಂಪಿನಲ್ಲಿ ‘ಒಪ್ಪಿಗೆ ಇದ್ದವರು ಹೆಬ್ಬೆಟ್ಟು ಒತ್ತಿರಿ’ ಎಂದು ಹಾಕಿದ. ಮೂವತ್ತೆಂಟು ಹಳದಿ ಹೆಬ್ಬೆಟ್ಟು ಬಂದವು. ಇಬ್ಬರು ತೀರಿಹೋಗಿದ್ದರು. ಒಬ್ಬ ಗುಲಾಬಿ ಹೂವಿನೊಡನೆ ಶುಭೋದಯ ಹೇಳಿದ. ಉಳಿದವನು ನಾನು, ನಾನು ಇನ್ನೂ ಯೋಚಿಸುತ್ತಿದ್ದೆ.

ಫೋಟೋಗ್ರಾಫರ್ ಹಾವೇರಿಯ ಸ್ಟುಡಿಯೋ ಮುಚ್ಚಿ ಈಗ ಕರ್ಜಗಿಯಲ್ಲಿ ಹೊಲ ನೋಡಿಕೊಂಡಿದ್ದಾರೆಂದು ತಿಳಿಯಿತು. ಮರುದಿನ ಅಲ್ಲಿಗೆ ಹೋದೆ. ಅಂಗಳದಲ್ಲಿ ಗೋವಿನಜೋಳದ ತೆನೆ ಸುಲಿಯುತ್ತ ಕುಳಿತಿದ್ದರು. ಫೋಟೋ ಕೊಟ್ಟೆ. ಕನ್ನಡಕ ಹಣೆಗೇರಿಸಿ, ಮೂಗಿನ ಹತ್ತಿರ ಹಿಡಿದು ನೋಡಿ ನಕ್ಕರು.

“ಸರ್ ಕಣ್ಣು ಹೆಂಗ ಅದಾವು?”

“ಛಲೋ ಅದಾವ್ರಿ. ಬಾಳ ಶಾಂತ.”

“ಅವು ನನ್ನವು.”

“ನಿಮ್ಮವರಿ?”

“ನಾ ಬರದದ್ದು. ಹೊಡಿಯೂ ಹೊತ್ತಿಗೆ ಸರ್ ಕಣ್ಣು ಮುಚ್ಚಿಬಿಟ್ರು. ಇನ್ನೊಮ್ಮೆ ಹೊಡಿಯಾಕ ರೀಲ್ ಮುಗದಿತ್ತು. ದೊಡ್ಡ ಪ್ರಿಂಟ್ ಒಂದು ಹಾಕಿ, ಸಣ್ಣ ಕುಂಚಲೇ ಎರಡು ಕಣ್ಣು ಬರದು, ಮತ್ತ ಅದರದ ಫೋಟೋ ಹೊಡದು ಎಲ್ಲಾರಿಗೂ ಹಂಚಿದೆ. ನಲವತ್ತೆರಡು ಮಂದ್ಯಾಗ ಒಬ್ಬನರ ಕೇಳಿದ್ನೇನು?”

“ಸರ್ ಕೇಳಲಿಲ್ಲೇನ್ರಿ?”

ಒಳಗೆ ಹೋಗಿ ಒಂದು ಹಳೆಯ ಲಕೋಟೆ ತಂದರು. ಒಳಗೆ ಅದೇ ಫೋಟೋ, ಸರ್ ತಮ್ಮ ಪ್ರತಿಯನ್ನು ವಾಪಸು ಕಳಿಸಿದ್ದು. ಹಿಂಬದಿಯಲ್ಲಿ ಕೆಂಪು ಶಾಯಿ, ಪೇಪರು ತಿದ್ದುವ ಸರ್ ಅಕ್ಷರ. ಬರೆದಿದ್ದರು: ‘ಇದು ನಾನಲ್ಲ. ಪ್ರಯತ್ನಕ್ಕೆ ಅರ್ಧ.’

“ಅರ್ಧ ಮಾರ್ಕು,” ಎಂದರು ಫೋಟೋಗ್ರಾಫರ್, ಹೆಮ್ಮೆಯಿಂದ. “ಯಾರಿಗೂ ಸುಮ್ಮ ಕೊಡವ್ರಲ್ಲ ಅವರು. ಒಯ್ಯಿ, ಆದ್ರ ತಿರುಗಿ ಕೊಡು.”

ಕರ್ಜಗಿಯಿಂದ ಬಸ್ಸಿನಲ್ಲಿ ಬರುವಾಗ ಲೆಕ್ಕ ಹಾಕಿದೆ. ಕಣ್ಣು ಕುಂಚದ್ದು. ಹಲ್ಲು ಯಾರದೋ. ಮಾತು ಮೆಣಸಿನಕಾಯಿ ವ್ಯಾಪಾರಿಯದು. ದನಿ ಮೂವತ್ತು ಸೆಕೆಂಡಿನ ಬೈಗುಳ ಹಿಗ್ಗಿಸಿದ್ದು. ನಾನು ತಯಾರಿಸುತ್ತಿದ್ದ ಸರ್ ಒಳಗೆ ಸರ್ ಎಲ್ಲಿದ್ದರು?

ಗೊತ್ತು ಮಾಡಿದ ದಿನ ಸರ್ ಅವರ ಹೆಂಡತಿ ಮಗಳೊಂದಿಗೆ ಸ್ಟುಡಿಯೋಕ್ಕೆ ಬಂದರು. ಎಪ್ಪತ್ತೈದರ ಮೇಲಿನ ವಯಸ್ಸು, ಮೆಟ್ಟಿಲು ಹತ್ತಿದ ದಣಿವನ್ನು ಬೈದುಕೊಂಡೇ ತೀರಿಸಿಕೊಂಡರು. ಕುಳಿತು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ನೀ ಮೂವತ್ತೊಂದು ಅಲ್ಲೇನು? ಪೇಪರಿನ ಮಾರ್ಕು ಕೂಡಸಾಕಿ ನಾನ ಇದ್ದೆ. ನಿಂದು ಕೂಡಸೂದು ಬಾಳ ಸರಳಿತ್ತು.”

ಮಗಳು ಕಿಟಕಿಯ ಕಡೆ ತಿರುಗಿ ನಕ್ಕರು. ನಾನು ಲಗುಬಗೆಯಿಂದ ಹದಿನೇಳರ ಭಾಷಣ ಹಾಕಿದೆ. ‘ನನ್ನ ಪ್ರೀತಿಯ ಮುದ್ದು ಮಕ್ಕಳೇ’ ಎಂದು ಸರ್ ಪಳಪಳ ಹಲ್ಲು ತೋರಿಸಿದರು. ಅವರ ಹೆಂಡತಿ ತಲೆ ಒಂದು ಕಡೆ ವಾಲಿಸಿ ನೋಡಿದರು. ಮಸಾಲೆ ಪುಡಿಯವರೆಗೂ ಕೇಳಿದರು. ಮುಗಿಯಿತು. ಗುಂಡಿ ಒತ್ತಿ ನಿಲ್ಲಿಸಬೇಕು ಎನ್ನುವಷ್ಟರಲ್ಲಿ ಯಂತ್ರ ಅದೇ ಕಡತದ ಮುಂದಿನ ತುಣುಕಿಗೆ ಹೋಯಿತು.

“ಮೂವತ್ತೊಂದು, ಶಾಣ್ಯಾ ಅದಿ.”

ನಾನು ಕೀಬೋರ್ಡಿನ ಧೂಳು ಒರೆಸಿದೆ. ಧೂಳಿರಲಿಲ್ಲ.

“ಇದನ್ನ ಯಾರು ಬರದ್ರು?” ಎಂದರು ಅವರು.

“ನಾನರಿ.”

“ಎಷ್ಟು ಸಲ ಕೇಳಿದಿ?”

“ಆರು.”

ಬೈಯಲಿಲ್ಲ. ಸೆರಗಿನಿಂದ ಕನ್ನಡಕ ಒರೆಸುತ್ತ ಹೇಳಿದರು: “ನಾನೂ ಅವರ ಬಾಯಿಂದ ಒಂದು ಮಾತಿಗೆ ಕಾಯ್ದೆ. ಯಾವ ಮಾತು ಅಂತ ನಿನಗ್ಯಾಕ. ನಲವತ್ತು ವರ್ಷ ಬಡಸಿದೆ, ಹೇಳಲಿಲ್ಲ. ಈಗ ನೀ ಬರದ್ರ ಹೇಳ್ತಾರೇನು?”

“ಹೇಳ್ತಾರ್ರಿ,” ಎಂದೆ. ತಂತ್ರಾಂಶದ ಬಗ್ಗೆ ಕೇಳಿದರು ಎಂದುಕೊಂಡೆ, ನನ್ನ ಹಣೆಬರಹ.

“ಬ್ಯಾಡ. ಅವರು ಹೇಳಲಿಲ್ಲ ಅನ್ನೂದು ನಂದು. ಅದನ್ನ ಕಸಗೋಬ್ಯಾಡ.”

ನಾನು ಕರ್ಜಗಿಯ ಲಕೋಟೆ ತೆಗೆದು ಕೈಗೆ ಕೊಟ್ಟೆ. ಹಿಂಬದಿ ಓದಿ ಮೊದಲು ಅವರು ನಕ್ಕರು, ಆಮೇಲೆ ಮಗಳು. “ಇದಕ್ಕ ನಮ್ಮ ಮನ್ಯಾಗ ಈ ಫೋಟೋ ಇರಲೇ ಇಲ್ಲ,” ಎಂದರು ತಾಯಿ. “ಮಂದಿ ಮನ್ಯಾಗ ನೋಡಿದಾಗೆಲ್ಲಾ ಅನಸ್ತಿತ್ತು, ಇಷ್ಟು ಮೆತ್ತಗ ಇವರು ಯಾರನ್ನ ನೋಡ್ಯಾರ ಅಂತ.”

ಮಗಳು ನನ್ನ ಕಡೆ ನೋಡಿದರು. “ಅಪ್ಪ ಏನಂತಿದ್ರು ಅಂತ ಗೊತ್ತಾತಲ್ರಿ? ಲಿಖಿತದಾಗನ ಕೊಟ್ಟಾರ.”

ಕೆಲಸ ಅಲ್ಲಿಗೇ ಮುಗಿಯಬಹುದಿತ್ತು. ಮುಗಿದಿದ್ದರೆ ನನಗೂ ನಿದ್ದೆ ಬರುತ್ತಿತ್ತು. ಆದರೆ ಅವರ ಹೆಂಡತಿ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಕೇಳಿದರು: “ಅವರು ಇಲೆಕ್ಷನ್ ಡ್ಯೂಟಿಗೆ ಹೋಗುವಾಗ ಟೇಪ್ ಮಾಡಿ ಇಟ್ಟು ಹೋಗ್ತಿದ್ರಲ್ಲ. ಅದು ನೆನಪಿಲ್ಲೇನು ನಿಮಗ?”

ನೆನಪಾಯಿತು, ಒಮ್ಮೆಲೇ. ಸರ್ ಚುನಾವಣೆಗೋ ಜನಗಣತಿಗೋ ಹೋಗುವ ದಿನ ಪಾಠ ತಪ್ಪಬಾರದೆಂದು ಮನೆಯಲ್ಲಿ ಕುಳಿತು ಕ್ಯಾಸೆಟ್ಟಿನಲ್ಲಿ ಪಾಠ ತುಂಬಿಸಿ ಕಳಿಸುತ್ತಿದ್ದರು. ಮೇಜಿನ ಮೇಲೆ ಟೇಪ್ ರೆಕಾರ್ಡರ್, ಪಕ್ಕದಲ್ಲಿ ಬೆತ್ತ. ಇಲ್ಲದ ಸರ್‌ನ ತರುವ ಕೆಲಸವನ್ನು ಸರ್ ತಾವೇ ಆಗಲೇ ಮಾಡಿ ಮುಗಿಸಿದ್ದರು.

ಅವರ ಮನೆಯಲ್ಲಿ ಒಂದೇ ಒಂದು ಕ್ಯಾಸೆಟ್ ಉಳಿದಿತ್ತು. ಸ್ಟುಡಿಯೋಕ್ಕೆ ತಂದು ಕೊಡುವಾಗ ಅವರ ಹೆಂಡತಿ ಷರತ್ತು ಹಾಕಿದರು. “ಇದರಾಗಿನ ಮಾತಿಗೆ ಒಂದು ಮಾತು ಸೇರಸಬ್ಯಾಡ. ಒಂದು ಮಾತು ತಗೀಬ್ಯಾಡ. ಆ ಯಂತ್ರದ ದನಿ ನನ್ನ ಮುಂದನ ಅಳಸು.” ಅಳಿಸಿದೆ. ಕಸದ ಬುಟ್ಟಿಯಿಂದಲೂ ಅಳಿಸಿದೆ. ಆದರೆ ಪ್ರತಿಯೊಂದಕ್ಕೂ ಒಂದು ನಕಲು ಇಡುವ ಮನುಷ್ಯ ನಾನು. ಒಂದು ಪೆನ್‌ಡ್ರೈವಿನಲ್ಲಿ ಆ ದನಿ ಉಳಿಯಿತು. ಉಳಿಸಿದೆ ಎಂದೇ ಬರೆಯಬೇಕು.

ಕ್ಯಾಸೆಟ್ಟಿನ ಹೊರಕವಚ ಸೀಳಿತ್ತು, ಒಳಗಿನ ಒತ್ತುವ ಬಟ್ಟೆಯ ತುಂಡು ಉದುರಿತ್ತು. ಸುರುಳಿಯನ್ನು ಬಿಚ್ಚಿ ಹೊಸ ಕವಚಕ್ಕೆ ಹಾಕುವಾಗ ಉಸಿರು ಬಿಡಲಿಲ್ಲ. ಒಂದು ಕಡೆ ಟೇಪು ಹರಿದಿತ್ತು. ಅಂಟುಪಟ್ಟಿ ಹಚ್ಚಿ ಕೂಡಿಸಿದೆ. ಹಳೆಯ ಡೆಕ್ಕಿನಲ್ಲಿ ಟೇಪು ಓದುವ ಹೆಡ್ಡಿನ ಸ್ಕ್ರೂವನ್ನು ಕಾಲು ಸುತ್ತು, ಅರ್ಧ ಸುತ್ತು ತಿರುಗಿಸಿ, ನೀರೊಳಗಿನಿಂದ ಬಂದಂತಿದ್ದ ದನಿಯನ್ನು ದಡಕ್ಕೆ ತಂದೆ. ಕಂಪ್ಯೂಟರಿಗೆ ಇಳಿಸಿ ಗದ್ದಲ ತೆಗೆಯುವ ತಂತ್ರಾಂಶ ಓಡಿಸಿದೆ. ಅದು ಗದ್ದಲದ ಜೊತೆಗೆ ಸರ್ ಅವರ ಮೂರು ಸೀನನ್ನೂ ತೆಗೆದು ಹಾಕಿತು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿಯಲ್ಲಿ ಪಾಠ ಹೇಳಿದವರು ಸೀನದಿದ್ದರೆ ಅದು ಯಾವ ಊರಿನ ಪಾಠ? ಒಂದು ಮಾತು ತೆಗೆಯಬೇಡ ಎಂದಿದ್ದರಲ್ಲ; ಸೀನು ಮಾತೋ ಅಲ್ಲವೋ ಎಂದು ಯಾರನ್ನು ಕೇಳಲಿ? ಮೂರನ್ನೂ ತಿರುಗಿ ಇದ್ದಲ್ಲೇ ಇಟ್ಟೆ.

ಉಳಿದದ್ದು ಹನ್ನೊಂದು ನಿಮಿಷ. ವೃತ್ತದ ಹೊರಗಿನ ಬಿಂದುವಿನಿಂದ ಎಳೆದ ಎರಡು ಸ್ಪರ್ಶಕಗಳು ಸಮ ಎಂಬ ಪ್ರಮೇಯ. ಮನೆಯ ಹಲಗೆಯ ಮೇಲೆ ಬರೆಯುತ್ತಲೇ ಹೇಳಿದ್ದಾರೆ, ಸೀಮೆಸುಣ್ಣದ ಸದ್ದು ಕೇಳುತ್ತದೆ. ನಾವು ಬರೆದುಕೊಳ್ಳಲು ಎಷ್ಟು ಹೊತ್ತು ಬೇಕೋ ಅಷ್ಟು ಸುಮ್ಮನಾಗುತ್ತಾರೆ. ನಡುನಡುವೆ ಗದರಿಕೆ, ಎಲ್ಲವೂ ಮುಂಗಡ. ಯಾರು ಯಾವ ಸಾಲಿನಲ್ಲಿ ಏನು ಮಾಡುತ್ತಾರೆಂದು ಅವರಿಗೆ ಗೊತ್ತಿತ್ತು. “ಒಂಬತ್ತು, ಪಕ್ಕದವನ ನೋಟ್‌ಬುಕ್ ನೋಡಬ್ಯಾಡ. ಅವಂದೂ ತಪ್ಪ ಅದ.” “ಇಪ್ಪತ್ತೆರಡು, ಕೈವಾರ ಚುಚ್ಚಾಕ ಕೊಟ್ಟಿಲ್ಲ.” ಕೊನೆಯ ನಿಮಿಷದಲ್ಲಿ: “ಹದಿನೇಳು, ಸಾಕು. ನಿಲ್ಲು.”

ಹನ್ನೊಂದು ನಿಮಿಷದಲ್ಲಿ ಮೂವತ್ತೊಂದು ಒಮ್ಮೆಯೂ ಬರಲಿಲ್ಲ. ಮೊದಲು ನಿರಾಳವಾಯಿತು. ಆಮೇಲೆ, ಸುಳ್ಳೇಕೆ, ಸ್ವಲ್ಪ ಕೆಟ್ಟದೆನಿಸಿತು.

ಈಗ ಹದಿನೇಳರ ಒಪ್ಪಿಗೆ ಬೇಕಿತ್ತು. ಅವನು ಬದುಕಿದ್ದಾನೆ, ಅಧ್ಯಕ್ಷ ಬೇರೆ. ಕರೆದು ಕೇಳಿಸಿದೆ.

“ಮಸಾಲಿ ಪುಡಿ?”

“ಇಲ್ಲ.”

“ಮುದ್ದು ಮಕ್ಕಳೇ?”

“ಇಲ್ಲ.”

“ಮ್ಯಾಲ ನನಗ ಬೈದದ್ದು ಅಷ್ಟ ಐತಿ. ತಗದ ಹಾಕಲೇ ಅದನ್ನ! ಪಂಚಾಯ್ತಿ ಮೆಂಬರ್ ಬರ್ತಾರ, ನನ್ನ ಬೀಗರು ಬರ್ತಾರ.”

“ತಗಿಯಾಂಗಿಲ್ಲ. ಸರ್ ಹೆಂಡ್ತಿ ಹೇಳ್ಯಾರ.”

ಎದ್ದು ಹೋದ. ಮೆಟ್ಟಿಲ ತನಕ ಹೋಗಿ ತಿರುಗಿ ಬಂದ. “ಇನ್ನೊಮ್ಮೆ ಹಚ್ಚು,” ಎಂದ. ಕೇಳಿದ. “ಮತ್ತೊಮ್ಮೆ.” ಹೀಗೆ ಹತ್ತು ಸಲವಾದರೂ ಕೇಳಿರಬೇಕು. ಕೊನೆಗೆ ಮೂಗು ಒರೆಸಿಕೊಂಡು, ಮೆಣಸಿನಕಾಯಿ ಘಾಟು ಎಂದು ತಾನೇ ಹೇಳಿ, “ಇರ್ಲಿ ಬಿಡು,” ಎಂದ. “ಇಷ್ಟು ವರ್ಷಾದ್ರೂ ನನ್ನ ನಂಬರ್ ಮರ್ತಿಲ್ಲಲೇ ಅವರು.”

ಉಳಿದದ್ದು ಮುಖ. ಕುಂಚದ ಕಣ್ಣು ಬೇಡ, ಪರದೇಶದ ಹಲ್ಲು ಬೇಡ. ಹಾಗಾದರೆ ಏನು ತೋರಿಸುವುದು? ದನಿ ಕೇಳುತ್ತ ಕೇಳುತ್ತ ಹೊಳೆಯಿತು. ಸರ್ ಪಾಠದ ಹೊತ್ತಿನಲ್ಲಿ ನಮ್ಮ ಕಡೆ ತಿರುಗುತ್ತಲೇ ಇರಲಿಲ್ಲ. ಕರಿಹಲಗೆಯ ಕಡೆ ಮುಖ ಮಾಡಿ, ಬರೆಯುತ್ತ, ತಿರುಗದೆಯೇ ನಂಬರು ಹೇಳುತ್ತಿದ್ದರು. ನಮ್ಮ ಸರ್ ಎಂದರೆ ಒಂದು ಬೆನ್ನು.

ಬೆನ್ನಿಗೆ ಒಂದು ದೇಹ ಬೇಕು. ಹದಿನೇಳರದು ತೀರಾ ಅಗಲ. ಕೊನೆಗೆ ನಾನೇ ಬಿಳಿ ಅಂಗಿ ತೊಟ್ಟು, ಗೋಡೆಗೆ ಹಲಗೆ ನಿಲ್ಲಿಸಿ, ಕ್ಯಾಮೆರಾಕ್ಕೆ ಬೆನ್ನು ಕೊಟ್ಟು ಹನ್ನೊಂದು ನಿಮಿಷದ ಪ್ರಮೇಯ ಬರೆದೆ. ಕ್ಯಾಸೆಟ್ಟಿನಲ್ಲಿ ಸೀಮೆಸುಣ್ಣ ಕಿರ್ ಎಂದಾಗೆಲ್ಲ ನನ್ನ ಕೈ ಅಲ್ಲೇ ಇರಬೇಕು. ಎಂಟು ಸಲ ತಪ್ಪಿತು. ಒಂಬತ್ತನೆಯ ಸಲ ಪ್ರಮೇಯ ನನಗೆ ಅರ್ಥವೂ ಆಯಿತು, ಮೂವತ್ತೈದು ವರ್ಷ ತಡವಾಗಿ. ಆಮೇಲೆ ಕಂಪ್ಯೂಟರಿನಲ್ಲಿ ನನ್ನ ಬೆನ್ನನ್ನು ಸರ್ ಬೆನ್ನು ಮಾಡುವ ಕೆಲಸ. ಅಕ್ಷರಗಳಿಗೆ ಕೆಂಪು ಶಾಯಿಯ ಬರಹವೇ ಮಾದರಿ. ಉಳಿದದ್ದಕ್ಕೆ ಅವರ ಹೆಂಡತಿ ಮೂರು ದಿನ ಪಕ್ಕದಲ್ಲಿ ಕುಳಿತರು.

“ಎಡಗಡೆ ಭುಜ ಇಳಸು. ಕಿವಿ ಇನ್ನೊಂದೀಟು ಹೊರಗ. ಅಂಗಿ ಹಿಂದ ಒಂದು ಸುಕ್ಕ ಇರಬೇಕು.”

“ಇಸ್ತ್ರಿ ಅಂಗಿರಿ ಅದು.”

“ಇಸ್ತ್ರಿ ಮಾಡ್ತಿದ್ದಾಕಿ ನಾನ. ಸುಕ್ಕ ಬಿಡ್ತಿದ್ದಾಕೀನೂ ನಾನ.”

ಸುಕ್ಕು ಹಾಕಿದೆ. ಆಕೆ ಬಹಳ ಹೊತ್ತು ನೋಡಿದರು. ನನ್ನ ಪಟ್ಟಿಯ ಎರಡು ಗೆರೆಯ ಸಾಲು ನನ್ನ ಕಣ್ಣ ಮುಂದೆ ಇತ್ತು.

“ಹೂಂ,” ಎಂದರು. “ಹೌದು, ಇವರ. ದಿನಾ ಮುಂಜಾನೆ ಸಾಲಿಗೆ ಹೊಂಟಾಗ ಬಾಗಿಲದಾಗ ನಿಂತು ನಾ ನೋಡಿದ್ದು ಇದನ್ನ.”

ಮಗಳ ಸಲಹೆಯಂತೆ ಚಿತ್ರದ ಮೊದಲಲ್ಲಿ ಮೂರು ಸಾಲು ಹಾಕಿದೆ: ಇದು ಕಂಪ್ಯೂಟರಿನಲ್ಲಿ ರಚಿಸಿದ ಆಕೃತಿ. ದನಿ ಮತ್ತು ಮಾತು ಸರ್ ಅವರದೇ. ಬೆನ್ನು ಮೂವತ್ತೊಂದರದು.

ಗುರುವಂದನೆಯ ದಿನ ಬ್ಯಾಡಗಿಯ ಹೈಸ್ಕೂಲ್ ಸಭಾಂಗಣದಲ್ಲಿ ಕರೆಂಟು ಇತ್ತು. ಪರದೆ ನೆಟ್ಟಗೆ ನಿಂತಿತ್ತು. ಪಕ್ಕದ ಕೋಣೆಯಿಂದ ಮಿರ್ಚಿ ಭಜಿ ಕರಿಯುವ ವಾಸನೆ. ನಾನು ಹಿಂದೆ ಲ್ಯಾಪ್‌ಟಾಪಿನ ಮುಂದೆ ಕುಳಿತಿದ್ದೆ, ಪೆನ್‌ಡ್ರೈವು ಅಂಗಿಯ ಜೇಬಿನಲ್ಲಿ.

ಪರದೆಯ ಮೇಲೆ ಸರ್ ಬೆನ್ನು ಮೂಡಿತು. ಸೀಮೆಸುಣ್ಣ ಕಿರ್ ಎಂದಿತು. “ಬರಕೋರಿ,” ಎಂದರು ಸರ್. ನಾಲ್ಕೈದು ಮಂದಿ ಜೇಬು ಮುಟ್ಟಿ ಪೆನ್ನು ಹುಡುಕಿದರು. ಒಂಬತ್ತು ಬೈಸಿಕೊಂಡು ತಲೆ ತಗ್ಗಿಸಿದ. ಇಪ್ಪತ್ತೆರಡು, ಈಗ ಅಜ್ಜಿಯಾಗಿದ್ದಾಳೆ, ಸೆರಗು ಬಾಯಿಗೆ ಹಿಡಿದಳು. ಸರ್ ಸೀನಿದರು, ಯಾರೋ ಅಭ್ಯಾಸದಿಂದ ತಾವೂ ಸೀನಿದರು. ಹನ್ನೊಂದನೆಯ ನಿಮಿಷ ಬಂತು.

“ಹದಿನೇಳು, ಸಾಕು. ನಿಲ್ಲು.”

ವೇದಿಕೆಯ ಮೇಲೆ, ಪೇಟ ಶಾಲುಗಳ ನಡುವೆ, ಬರುವುದು ಗೊತ್ತಿದ್ದ ಮನುಷ್ಯ ಸ್ಪ್ರಿಂಗಿನಂತೆ ಎದ್ದು ನಿಂತ. ಸಭೆ ಹೋ ಎಂದು ನಕ್ಕಿತು. ಕ್ಯಾಸೆಟ್ಟಿನಲ್ಲಿ ಆ ಮಾತಿನ ನಂತರ ನಾಲ್ಕು ಸೆಕೆಂಡಿನ ಮೌನವಿದೆ. ಯಾಕೆಂದು ನನಗೆ ಆಗ ತಿಳಿಯಿತು. ಅದು ನಗುವುದಕ್ಕೆ ಬಿಟ್ಟ ಸಮಯ.

“ನಕ್ಕವರೆಲ್ಲಾ ನಿಲ್ಲರಿ.”

ನಿಂತರು. ಕುಪ್ಪೇಲೂರಿನಲ್ಲಿ ಸ್ವತಃ ಹೆಡ್‌ಮಾಸ್ತರ್ ಆಗಿರುವವನು ನಿಂತ. ಅಜ್ಜಿ ಮೊಣಕಾಲು ಹಿಡಿದುಕೊಂಡು ನಿಂತಳು. ನಾನೂ ನಿಂತೆ. ಪರದೆಯ ಮೇಲಿನದು ನನ್ನದೇ ಬೆನ್ನು. ನನ್ನ ಬೆನ್ನಿಗೆ ಹೆದರಿ ನಾನೇ ನಿಂತೆ.

ಸೀಮೆಸುಣ್ಣ ಇನ್ನೆರಡು ಸಲ ಕಿರ್ ಎಂದು ಟೇಪು ಮುಗಿಯಿತು. ಬೆನ್ನು ಪರದೆಯ ಮೇಲೇ ಉಳಿಯಿತು, ಉಸಿರಾಡುತ್ತ. ಆ ಉಸಿರಾಟ ನಾನೇ ಹಾಕಿದ್ದು, ಜೀವಂತ ಕಾಣಲಿ ಎಂದು. ಯಾರೂ ಕೂರಲಿಲ್ಲ. ಎಲ್ಲರೂ ಕಾಯುತ್ತಿದ್ದರು. ಕ್ಯಾಸೆಟ್ಟನ್ನು ನೂರು ಸಲ ಕೇಳಿದವನು ನಾನು, ಮಾತು ಮಾತಿಗೂ ಸಮಯ ಗುರುತು ಮಾಡಿದವನು. ಇಡೀ ಕ್ಯಾಸೆಟ್ಟಿನಲ್ಲಿ ‘ಕುಂದ್ರಿ’ ಎಂಬ ಮಾತಿಲ್ಲ ಎಂಬುದು ಮಾತ್ರ ನನಗೆ ಹೊಳೆದಿರಲಿಲ್ಲ.

ಒಂದು ನಿಮಿಷವಾಯಿತು. ಅಜ್ಜಿ ಮುಂದಿನ ಕುರ್ಚಿಯ ಬೆನ್ನು ಹಿಡಿದಳು. ವೇದಿಕೆಯಿಂದ ಹದಿನೇಳು ನನಗೆ ಕಣ್ಣಿನಲ್ಲೇ ಏನಾದರೂ ಮಾಡು ಎಂದ. ಮಾಡಬಹುದಿತ್ತು. ಪೆನ್‌ಡ್ರೈವು ಚುಚ್ಚಿ, ಒಂದು ಪದ ಟೈಪಿಸಿದರೆ ಸರ್ ಹೇಳುತ್ತಿದ್ದರು. ಕೈ ಜೇಬಿಗೆ ಹೋಯಿತು.

ಮುಂದಿನ ಸಾಲಿನಲ್ಲಿ ನಗದೆ ಕುಳಿತಿದ್ದವರು ಅವರ ಹೆಂಡತಿ ಒಬ್ಬರೇ. ಕುರ್ಚಿಯಲ್ಲೇ ಹಿಂದೆ ತಿರುಗಿ ನಿಂತವರನ್ನೆಲ್ಲ ನೋಡಿದರು, ಆಮೇಲೆ ನನ್ನನ್ನು, ಆಮೇಲೆ ನನ್ನ ಕೈಯನ್ನು. ನಾನು ಕೈ ಹೊರಗೆ ತೆಗೆದೆ. ಬರಿಗೈ.

ಆಕೆ ಅವಸರವೇ ಇಲ್ಲದವರಂತೆ, ಒಮ್ಮೆ ಆ ಬೆನ್ನನ್ನು, ಒಮ್ಮೆ ನಮ್ಮನ್ನು ನೋಡಿದರು. ಕೊನೆಗೆ ಹೇಳಿದರು: “ಅವರು ಯಾವಾಗ ಕುಂದ್ರಿ ಅಂದಾರ, ಇವತ್ತ ಅನ್ನಾಕ? ಘಂಟಿ ಹೊಡೀರಿ ಯಾರರ.”

ಕುಪ್ಪೇಲೂರಿನ ಹೆಡ್‌ಮಾಸ್ತರ್ ವರಾಂಡಕ್ಕೆ ಓಡಿ, ತೂಗುಹಾಕಿದ್ದ ಕಬ್ಬಿಣದ ತುಂಡಿಗೆ ನಾಲ್ಕು ಬಾರಿಸಿದ. ನಾವು ಕುಳಿತೆವು.

ಊಟದ ಹೊತ್ತಿಗೆ ಹೋಗಿ ಪೆನ್‌ಡ್ರೈವನ್ನು ಸರ್ ಅವರ ಹೆಂಡತಿಯ ಅಂಗೈಗೆ ಹಾಕಿದೆ. “ಆ ದನಿ. ಒಂದು ನಕಲು ಉಳದಿತ್ರಿ,” ಎಂದೆ. ಅವರು ಅದನ್ನು ತಿರುಗಿಸಿ ನೋಡಿ, ಕನ್ನಡಕದ ಡಬ್ಬಿಯೊಳಗಿಟ್ಟು ಟಪ್ಪೆಂದು ಮುಚ್ಚಿದರು.

“ಪ್ರಯತ್ನಕ್ಕ ಅರ್ಧ,” ಎಂದರು.

ನನ್ನ ಎರಡು ಪುಟದ ಪಟ್ಟಿಯಲ್ಲಿ ಇದ್ದ ಯಾವುದೂ ಆಗಲಿಲ್ಲ. ಆದದ್ದು ಇಷ್ಟೇ: ನಾವೆಲ್ಲ ಮೂರು ನಿಮಿಷ ಸುಮ್ಮನೆ ನಿಂತೆವು, ಅಷ್ಟರಲ್ಲಿ ಮಿರ್ಚಿ ಆರಿಹೋದವು.